ಎರಡು ಕಣ್ಣಿನ ಸ್ಕ್ರೂ

ತುಮಕೂರಿನ ಮರಳೂರಿನಲ್ಲಿ ವೈರಿಂಗ್ ಕೆಲಸದ ಅಬ್ದುಲ್ ರಶೀದ್ ಅಂದರೆ ಗೊತ್ತಿಲ್ಲದವರು ಕಡಿಮೆ. ಅತ್ತ ಗುಬ್ಬಿ, ಇತ್ತ ಕುಣಿಗಲ್, ಎರಡೂ ಕಡೆ ಅವನಿಗೆ ಗಿರಾಕಿಗಳಿದ್ದರು. ಕೆಲಸ ಅಚ್ಚುಕಟ್ಟು, ಬಾಯಿ ಸ್ವಲ್ಪ ಜೋರು. ಬೇರೆಯವರು ಮಾಡಿದ ವೈರಿಂಗ್ ಕಂಡರೆ ಮೂಗು ಮುರಿಯುವ ಚಾಳಿ ಬೇರೆ. "ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?" ಎಂದು ಶುರುಮಾಡಿದನೆಂದರೆ ಮನೆಯವರು ಕಾಫಿ ತಂದಿಡುವ ತನಕ ನಿಲ್ಲಿಸುತ್ತಿರಲಿಲ್ಲ.

ಬೈಯುವುದಕ್ಕೆ ಕಾರಣವೂ ಇತ್ತೆನ್ನಿ. ಆ ಕಾಲದ ಪ್ಯಾನೆಲ್‌ಗಳೇ ಹಾಗಿದ್ದವು. ಹಜಾರದ ಗೋಡೆಗೆ ಒಂದು ಮರದ ಹಲಗೆ, ಅದರ ಮೇಲೆ ಬಿಳಿ ಪಿಂಗಾಣಿ ಫ್ಯೂಸುಗಳು, ಪಕ್ಕದಲ್ಲಿ ಕಬ್ಬಿಣದ ಡಬ್ಬಿಯ ಮೇನ್ ಸ್ವಿಚ್ಚು. ಫ್ಯೂಸು ಹೋದರೆ ವೈರ್‌ಮನ್ ಬರುವ ತನಕ ಯಾರು ಕಾಯುತ್ತಾರೆ? ಕೈಗೆ ಸಿಕ್ಕಿದ ತಂತಿ ಸುತ್ತುವುದು, ಲೈಟು ಬಂತಲ್ಲ ಅಂತ ಹೋಗಿ ಮಲಗುವುದು. ತೊಂಬತ್ತೆರಡನೇ ಇಸವಿಯಲ್ಲಿ ಕುಣಿಗಲ್‌ನ ನರಸಿಂಹಮ್ಮನ ಮನೆಯಲ್ಲಿ ಬಟ್ಟೆ ಒಣಗಿಸುವ ತಂತಿಯ ತುಂಡನ್ನೇ ಯಾರೋ ಫ್ಯೂಸಿಗೆ ಸುತ್ತಿದ್ದರು. ಹಲಗೆ ಹೊತ್ತಿಕೊಂಡು ಗೋಡೆಯೆಲ್ಲ ಕಪ್ಪಾಯಿತು. ಮೊಮ್ಮಕ್ಕಳನ್ನು ಕಟ್ಟಿಕೊಂಡು ಬದುಕುತ್ತಿದ್ದ ಆಕೆ ರಶೀದನ ಮುಂದೆ ಅತ್ತೇಬಿಟ್ಟಳು.

"ಇನ್ನು ಅದನ್ನ ಯಾರೂ ಮುಟ್ಟಕ್ಕೆ ಆಗ್ದಂಗೆ ಮಾಡ್ಕೊಡಪ್ಪಾ ರಶೀದು, ನಿಂಗೆ ಕೈ ಮುಗೀತೀನಿ."

ಆ ಮಾತಿನಿಂದಲೇ ಆ ಸ್ಕ್ರೂ ಹುಟ್ಟಿದ್ದು. ರಶೀದ್ ಹಿತ್ತಾಳೆ ಸ್ಕ್ರೂಗಳ ತಲೆಯ ಗೀರಿಗೆ ಬೆಸುಗೆ ಹಾಕಿ ಮುಚ್ಚಿ, ಅದರ ಮೇಲೆ ಅಕ್ಕಪಕ್ಕ ಎರಡು ಸಣ್ಣ ತೂತು ಕೊರೆದ. ಯಾವ ಸ್ಕ್ರೂಡ್ರೈವರ್ರೂ ಅದಕ್ಕೆ ಕಚ್ಚುತ್ತಿರಲಿಲ್ಲ. ಬಿಚ್ಚಬೇಕೆಂದರೆ ಎರಡು ಹಲ್ಲಿನ ಒಂದು ಕೀ ಬೇಕು. ಆ ಕೀಯನ್ನೂ ಹಳೇ ಅರದ ತುಂಡಿನಿಂದ ತಾನೇ ಮಾಡಿ, ಸೊಂಟದ ಬೆಲ್ಟಿಗೆ ತಗುಲಿಹಾಕಿಕೊಂಡ. ಹಲಗೆಗೆ ತಗಡಿನ ಮುಚ್ಚಳ, ಮುಚ್ಚಳಕ್ಕೆ ಈ ಸ್ಕ್ರೂ. ಜನ ಅದನ್ನು ಸಾಬ್ರ ಎರಡು ಕಣ್ಣಿನ ಸ್ಕ್ರೂ ಅಂತ ಕರೆದರು. ಮಕ್ಕಳಿರುವ ಮನೆಯವರು ಹುಡುಕಿಕೊಂಡು ಬಂದು ಹಾಕಿಸಿಕೊಂಡರು.

ಅಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಸ್ಕ್ರೂ ಬೇರೆಯವರಿಗೆ ಬಿಚ್ಚಲು ಬರುವುದಿಲ್ಲ ಅಂದಮೇಲೆ ಆ ಮನೆಯ ರಿಪೇರಿ ಕೆಲಸವೂ ಬೇರೆಯವರಿಗೆ ಹೋಗುವುದಿಲ್ಲ ಎಂಬುದು ರಶೀದನಿಗೆ ಬಹಳ ಬೇಗ ಹೊಳೆಯಿತು. ಗುಬ್ಬಿಯಲ್ಲಿ ಸಿದ್ದಯ್ಯ ಎಂಬ ಇನ್ನೊಬ್ಬ ವೈರ್‌ಮನ್ ಇದ್ದ. ಪಾಪದ ಮನುಷ್ಯ, ಕೆಲಸವೂ ಪರವಾಗಿಲ್ಲ. ಒಂದು ದಿನ ಅವನು ಬಸ್ಸು ಹತ್ತಿ ಮರಳೂರಿಗೇ ಬಂದ.

"ಸಾಬ್ರೇ, ನನ್ನ ಹಳೇ ಗಿರಾಕಿ ಮನೆ. ಫ್ಯೂಸು ಹೋಗೈತೆ. ನಿಮ್ಮ ಕೀ ಒಂದ್ಸಲ ಕೊಟ್ರೆ ಬಿಚ್ಕೊಂಡು ತಂದ್ಕೊಡ್ತೀನಿ."

"ಕೀ ಕೊಡಲ್ಲ ಸಿದ್ದಯ್ಯ. ಅವ್ರಿಗೆ ಹೇಳು, ನಾಳೆ ನಾನೇ ಬರ್ತೀನಿ ಅಂತ."

ಸಿದ್ದಯ್ಯ ಹೊಸಿಲು ದಾಟಿದವನು ತಿರುಗಿದ. "ಅಲ್ಲ ಸಾಬ್ರೇ, ಏನಾನಾ ಅರ್ಜೆಂಟ್ ಆಯ್ತು ಅಂತಿಟ್ಕಳಿ, ಯಾರು ತೆಗೀಬೇಕು ಅದನ್ನ?"

"ನಾನಿದೀನಲ್ಲ," ಎಂದು ರಶೀದ್ ನಕ್ಕ. ಆ ನಗು ಆಮೇಲೆ ಅವನಿಗೆ ಎಷ್ಟು ಸಲ ನೆನಪಾಯಿತೋ ಅವನಿಗೇ ಗೊತ್ತು.

ಗುಬ್ಬಿಯಲ್ಲಿ ಚನ್ನಬಸವಯ್ಯನವರದ್ದು ರಾಗಿ ಬೀಸುವ ಮಿಲ್ಲು. ಹಣೆ ತುಂಬ ವಿಭೂತಿ, ರೆಪ್ಪೆಯ ಮೇಲೆಲ್ಲ ಹಿಟ್ಟು. ಮೋಟರಿನ ಫ್ಯೂಸು ಕಿತ್ತು ತಂತಿ ಹಾಕುವುದನ್ನು ಅವರು ತಮ್ಮ ಅಪ್ಪನ ಕಾಲದಿಂದ ಬಲ್ಲವರು, ಸರಿಯಾದ ತಂತಿಯನ್ನೇ ಹಾಕುವವರು. ಅವರ ಮೇನ್ ಸ್ವಿಚ್ಚಿನ ಡಬ್ಬಿಗೆ ಆ ಸ್ಕ್ರೂ ಬೇಕಿರಲೇ ಇಲ್ಲ. ಆದರೆ ಸಿದ್ದಯ್ಯನ ಮನೆ ಅದೇ ಬೀದಿಯಲ್ಲಿತ್ತು. ಅದೊಂದೇ ಕಾರಣಕ್ಕೆ ರಶೀದ್ ಡಬ್ಬಿಯ ಮುಚ್ಚಳಕ್ಕೆ ತನ್ನ ಸ್ಕ್ರೂಗಳನ್ನು ತಿರುಗಿಸಿ, "ಸೇಫ್ಟಿಗೆ ಯಜಮಾನ್ರೇ. ಯಾರೂ ಮುಟ್ಬಾರ್ದು, ನೀವೂ ಅಷ್ಟೆ," ಎಂದ. ಚನ್ನಬಸವಯ್ಯ ನಂಬಿದರು. ಅವರು ಎಲ್ಲರನ್ನೂ ನಂಬುವ ಜಾತಿಯ ಮನುಷ್ಯ.

ತೊಂಬತ್ತೊಂಬತ್ತರ ಬೇಸಿಗೆ. ಕರೆಂಟು ಬಂದದ್ದೇ ತಡ, ರಾಗಿ ಚೀಲ ಹಿಡಿದ ಹೆಂಗಸರು ಮಿಲ್ಲಿನ ತುಂಬ. ಬೀಸುತ್ತ ಬೀಸುತ್ತ ಕಲ್ಲು ಕಚ್ಚಿಕೊಂಡಿತು. ಮೋಟರು ತಿರುಗದೆ ಗುಂಯ್ ಎನ್ನತೊಡಗಿತು, ಸುಟ್ಟ ವಾಸನೆ ಬಂತು, ಹೊಗೆ ಬಂತು. ಚನ್ನಬಸವಯ್ಯ ಓಡಿಹೋಗಿ ಮೇನ್ ಎಳೆದರು. ಹಳೇ ಡಬ್ಬಿ, ಹಳೇ ಹಿಡಿ. ಹಿಡಿ ಮುರಿದು ಕೈಗೇ ಬಂತು. ಇನ್ನು ಮುಚ್ಚಳ ತೆಗೆದು ಫ್ಯೂಸು ಕೀಳುವುದೊಂದೇ ದಾರಿ. ಸ್ಕ್ರೂಡ್ರೈವರ್ ಇಟ್ಟರೆ ಜಾರುತ್ತದೆ. ಸಿದ್ದಯ್ಯನನ್ನು ಕೂಗಿದರು, ಅವನೂ ಓಡಿಬಂದ, ಅವನ ಸ್ಕ್ರೂಡ್ರೈವರ್ರೂ ಜಾರಿತು. ಬೂತಿನಿಂದ ರಶೀದನ ಮನೆಗೆ ಫೋನ್ ಮಾಡಿಸಿದರು. ರಶೀದ್ ಹೆಬ್ಬೂರಿನಲ್ಲಿ ಯಾರದೋ ಮನೆಯ ಅಟ್ಟದ ಮೇಲೆ ವೈರು ಎಳೆಯುತ್ತಿದ್ದ. ಕೀ ಅವನ ಸೊಂಟದಲ್ಲಿತ್ತು.

ಕಂಬದ ಕಡೆಯಿಂದ ಕರೆಂಟು ತೆಗೆಸಲು ಸಿದ್ದಯ್ಯ ಲೈನ್‌ಮನ್‌ನನ್ನು ಹುಡುಕಿಕೊಂಡು ಹೋದ. ಅಷ್ಟು ಹೊತ್ತು ಚನ್ನಬಸವಯ್ಯನವರಿಗೆ ತಡೆಯಲಾಗಲಿಲ್ಲ. ಕಬ್ಬಿಣದ ಸಲಾಕೆ ತಂದು ಮುಚ್ಚಳದ ಸಂದಿಗೆ ತೂರಿಸಿ ಮೀಟಿದರು. ಮುಚ್ಚಳ ಅರ್ಧ ಎದ್ದಿತು, ಸಲಾಕೆ ಒಳಗೆ ಜಾರಿ ತಗುಲಬಾರದ ಕಡೆ ತಗುಲಿತು. ದೊಡ್ಡ ಸದ್ದಾಗಿ ಡಬ್ಬಿಯಿಂದ ಬೆಂಕಿ ಚಿಮ್ಮಿತು. ಜೀವ ಉಳಿಯಿತು, ಬಲಗೈ ಬೆಂದುಹೋಯಿತು.

ಮರುದಿನ ರಶೀದ್ ತುಮಕೂರಿನ ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೇ ಹೋದ. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಅಂತ ಗಟ್ಟಿ ಮನಸ್ಸು ಮಾಡಿದ್ದ. ಚನ್ನಬಸವಯ್ಯ ಮೊಣಕೈ ತನಕ ಬ್ಯಾಂಡೇಜ್ ಸುತ್ತಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದರು. ಅವನನ್ನು ನೋಡಿದವರೇ ಏಳಲು ಹೋದರು.

"ತಪ್ಪು ನಂದೇ ಸಾಬ್ರೇ. ಮುಟ್ಬೇಡಿ ಅಂತ ನೀವು ಬಡ್ಕೊಂಡ್ರಿ. ನಾನು ಕೇಳ್ಲಿಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ."

ಹೇಳು, ಈಗ ಹೇಳು ಅಂತ ರಶೀದನ ಒಳಗೆ ಯಾರೋ ಚುಚ್ಚುತ್ತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಗಂಗಾಂಬಿಕೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, "ಬಿಸಿಲಲ್ಲಿ ಬಂದಿದೀರ, ಕುಡೀರಿ ಅಣ್ಣಾ," ಎಂದು ಲೋಟ ಕೊಟ್ಟರು. ರಶೀದ್ ಕಾಫಿ ಕುಡಿದು ಎದ್ದುಬಂದ. ಹೇಡಿತನಕ್ಕೆ ಇದಕ್ಕಿಂತ ಬೇರೆ ಹೆಸರಿಲ್ಲ. ಅವನೂ ಬೇರೆ ಹೆಸರು ಇಟ್ಟುಕೊಳ್ಳಲಿಲ್ಲ.

ಗಾಯ ಮಾಯುವ ಹೊತ್ತಿಗೆ ಚನ್ನಬಸವಯ್ಯನವರ ಬಲಗೈ ಬೆರಳುಗಳು ಅಂಗೈ ಕಡೆಗೆ ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ವಿಭೂತಿ ಹಚ್ಚಿಕೊಳ್ಳುವುದೂ ಎಡಗೈಯಲ್ಲಿ, ಮುದ್ದೆ ಮುರಿಯುವುದೂ ಎಡಗೈಯಲ್ಲಿ. ಮಿಲ್ಲಿಗೆ ಹೊಸ ಡಬ್ಬಿ ಕೂರಿಸಲು ರಶೀದನನ್ನೇ ಕರೆಸಿದರು. ಅವನು ಸಾದಾ ಸ್ಕ್ರೂ ಹಾಕುತ್ತಿದ್ದಾಗ ಚನ್ನಬಸವಯ್ಯ, "ಎಲ್ಲಿ, ನಿಮ್ಮ ಎರಡು ಕಣ್ಣಿಂದು? ಅದನ್ನೇ ಹಾಕಿ ಸಾಬ್ರೇ. ಇನ್ಮೇಲೆ ನಾನು ಅದರ ತಂಟೆಗೆ ಹೋಗಲ್ಲ," ಎಂದರು. ಬೇಡ ಅನ್ನಬೇಕಾದರೆ ಯಾಕೆ ಬೇಡ ಎಂದೂ ಹೇಳಬೇಕಿತ್ತು. ರಶೀದ್ ಹೇಳದೆ ಅದನ್ನೇ ಹಾಕಿದ.

ಅಲ್ಲಿಂದ ಬಂದಮೇಲೆ ಅವನು ಮಾಡಿದ ಕೆಲಸ ಒಂದೇ. ತಾನು ಹಾಕಿದ ಕಡೆಗೆಲ್ಲ ಹೋಗಿ ಆ ಸ್ಕ್ರೂಗಳನ್ನು ಬಿಚ್ಚುವುದು, ಸಾದಾ ಸ್ಕ್ರೂ ಹಾಕುವುದು. ಎಲ್ಲೆಲ್ಲಿ ಹಾಕಿದ್ದೇನೆ ಅಂತ ನೆನಪು ಮಾಡಿಕೊಂಡು ಬೀದಿ ಬೀದಿ ಅಲೆದ. ಕೇಳಿದವರಿಗೆ ಹೊಸ ರೂಲ್ಸ್ ಬಂದಿದೆ ಎಂದ, ತುಕ್ಕು ಹಿಡಿಯುತ್ತದೆ ಎಂದ, ಬಾಯಿಗೆ ಬಂದದ್ದೆಲ್ಲ ಹೇಳಿದ. ಕುಣಿಗಲ್‌ನಲ್ಲಿ ನರಸಿಂಹಮ್ಮ ಮಾತ್ರ, "ಮೊಮ್ಮಕ್ಳು ದೊಡ್ಡೋರಾದ್ರು, ತೆಗಿಯಪ್ಪ. ಇಷ್ಟು ವರ್ಷ ಕಾಪಾಡ್ದೆ, ನಿನ್ ಹೊಟ್ಟೆ ತಣ್ಣಗಿರ್ಲಿ," ಎಂದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಸಿದ್ದಯ್ಯ ಎಲ್ಲಾದರೂ ಎದುರು ಸಿಕ್ಕರೆ ರಶೀದನೇ ಬೇರೆ ದಾರಿ ಹಿಡಿಯುತ್ತಿದ್ದ. ಆ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಆದರೂ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿತು. ಪಿಂಗಾಣಿ ಫ್ಯೂಸುಗಳು ಗುಜರಿಗೆ ಹೋಗಿ ಮನೆಮನೆಗೂ ಎಂಸಿಬಿ ಬಂತು. ಕಡ್ಡಿ ಎತ್ತಿದರೆ ಆನ್, ಇಳಿಸಿದರೆ ಆಫ್, ಬಿಚ್ಚುವ ಕೆಲಸವೇ ಇಲ್ಲ. ಆದರೂ ಕೀ ರಶೀದನ ಬೆಲ್ಟಿನಲ್ಲೇ ಇತ್ತು. ಗುಬ್ಬಿಯ ಮಿಲ್ಲಿನದೊಂದು ಡಬ್ಬಿ ಬಾಕಿ ಉಳಿದಿತ್ತು. ಅಲ್ಲಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ನಮಾಜಿನಲ್ಲಿ ಕೂತರೂ ಮಡಚಿದ ಬೆರಳುಗಳೇ ಕಣ್ಣಮುಂದೆ. ಕೊನೆಗೊಂದು ದಿನ ಊಟಕ್ಕೆ ಕೂತವನು ತುತ್ತು ಕೆಳಗಿಟ್ಟು ಹೆಂಡತಿ ರಹಿಮಾ ಬೀಗೆ ಎಲ್ಲ ಹೇಳಿಬಿಟ್ಟ.

ಆಕೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿ ಎದುರು ಕೂತಳು. ಆಮೇಲೆ, "ಇಷ್ಟು ವರ್ಷ ಅಲ್ಲಾಹನ ಹತ್ರ ಮಾಫಿ ಕೇಳ್ತಾ ಇದೀರ. ಕೈ ಸುಟ್ಟಿದ್ದು ಯಾರ್ದು?" ಎಂದಳು.

ಮರುದಿನ ಬೆಳಿಗ್ಗೆಯೇ ರಶೀದ್ ಗುಬ್ಬಿ ಬಸ್ಸು ಹತ್ತಿದ. ಮಿಲ್ಲಿನಲ್ಲಿ ಆಗ ಗಿರಾಕಿಗಳಿರಲಿಲ್ಲ. ಚನ್ನಬಸವಯ್ಯ ಬೆಂಚಿನ ಮೇಲೆ ಕೂತಿದ್ದರು, ಗಂಗಾಂಬಿಕೆ ಹಿಟ್ಟು ಗುಡಿಸುತ್ತಿದ್ದರು. "ಬನ್ನಿ ಸಾಬ್ರೇ, ಅಪರೂಪ ಆಗ್ಬಿಟ್ರಿ," ಎಂದು ಚನ್ನಬಸವಯ್ಯ ಬೆಂಚಿನಲ್ಲಿ ಜಾಗ ಬಿಟ್ಟರು. ರಶೀದ್ ಕೂರಲಿಲ್ಲ.

"ಯಜಮಾನ್ರೇ, ಆ ಸ್ಕ್ರೂ ನಾನು ನಿಮ್ಮ ಸೇಫ್ಟಿಗೆ ಹಾಕಿದ್ದಲ್ಲ. ಸಿದ್ದಯ್ಯ ನಿಮ್ಮ ಕೆಲಸಕ್ಕೆ ಕೈ ಹಾಕ್ಬಾರ್ದು ಅಂತ ಹಾಕಿದ್ದು. ಬೇರೆ ಸ್ಕ್ರೂ ಇದ್ದಿದ್ರೆ ಅವತ್ತು ನೀವೇ ಬಿಚ್ಚಿ ಫ್ಯೂಸು ಕೀಳ್ತಿದ್ರಿ. ನಿಮ್ಮ ಕೈ ಹಾಳು ಮಾಡಿದ್ದು ನಾನು. ಆಸ್ಪತ್ರೇಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಪೊರಕೆಯ ಸದ್ದು ನಿಂತಿತು. ಚನ್ನಬಸವಯ್ಯ ಅವನ ಮುಖವನ್ನೇ ನೋಡಿದರು, ಆಮೇಲೆ ತಮ್ಮ ಬಲಗೈಯನ್ನು ನೋಡಿಕೊಂಡರು. ಏನನ್ನೋ ಮೊದಲಿಂದ ಲೆಕ್ಕ ಹಾಕುತ್ತಿರುವಂತೆ ಕಂಡರು.

"ಕೀ ತಂದಿದೀರ?" ಎಂದರು.

ರಶೀದ್ ಬೆಲ್ಟಿನಿಂದ ಬಿಚ್ಚಿ ಕೊಟ್ಟ. ಅವರು ಎದ್ದು ಡಬ್ಬಿಯ ಮುಂದೆ ಹೋಗಿ ನಿಂತು, ಕೀಯನ್ನು ಬಲಗೈಯ ಬೆರಳುಗಳ ನಡುವೆ ಸಿಕ್ಕಿಸಿಕೊಳ್ಳಲು ನೋಡಿದರು. ಎಡಗೈಗೆ ಕೊಡಬಹುದಿತ್ತು, ಕೊಡಲಿಲ್ಲ. ಹಲ್ಲು ತೂತಿನ ತನಕ ಹೋಯಿತು, ತಿರುಗಿಸಲು ಹಿಡಿತ ಸಿಗಲಿಲ್ಲ. ಕೀ ಜಾರಿ ಹಿಟ್ಟಿನಲ್ಲಿ ಬಿತ್ತು. ರಶೀದ್ ಬಗ್ಗಲು ಹೋದ.

"ನೀವು ಬುಡಿ," ಎಂದರು ಗಂಗಾಂಬಿಕೆ.

ಪೊರಕೆ ಗೋಡೆಗೊರಗಿಸಿ ಬಂದು, ಕೀ ಎತ್ತಿಕೊಂಡು ಸೆರಗಿಗೆ ಒರೆಸಿ, ಎರಡು ಹಲ್ಲನ್ನು ಎರಡು ಕಣ್ಣಿಗೆ ಕೂರಿಸಿ ತಿರುಗಿಸಿದರು. ಜೀವಮಾನದಲ್ಲಿ ಸ್ಕ್ರೂ ಮುಟ್ಟಿದವರಲ್ಲ. ಅದು ಸಲೀಸಾಗಿ ಬಿಚ್ಚಿಕೊಂಡು ಅವರ ಕೈಗೆ ಬಂತು. ಆಕೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಇಷ್ಟೇನಾ?" ಎಂದರು.

ಉಳಿದ ಸ್ಕ್ರೂಗಳನ್ನೂ ಆಕೆಯೇ ಬಿಚ್ಚಿ, ಎಲ್ಲವನ್ನೂ ಕೀ ಸಮೇತ ರಶೀದನ ಕೈಯಲ್ಲಿಟ್ಟು, ಹೋಗಿ ಮತ್ತೆ ಪೊರಕೆ ಹಿಡಿದರು. ರಶೀದ್ ಜೇಬಿನಿಂದ ಸಾದಾ ಸ್ಕ್ರೂ ತೆಗೆದು ಮುಚ್ಚಳಕ್ಕೆ ಹಾಕಿದ. ಚನ್ನಬಸವಯ್ಯ ಬೆಂಚಿನ ಮೇಲೆ ಕೂತು ಬಾಗಿಲಾಚೆ ನೋಡುತ್ತಿದ್ದರು. ಅವನು ಹೊರಡುವಾಗ ತಲೆಯಾಡಿಸಿದರು, ಅಷ್ಟೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಕಾಫಿ ಕುಡ್ಕೊಂಡು ಹೋಗಿ ಎಂದು ಗಂಗಾಂಬಿಕೆ ಹೇಳಲಿಲ್ಲ.