ಪುರಿತಾಳ ಕೆನ್ನೆಗೆ ಗೊತ್ತಿದ್ದ ಬಿಸಿ

ಇಲೋಯಿಲೋ ನಗರದಿಂದ ಜೀಪ್ನಿ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಸಾಂತಾ ಪಾಸ್ ಊರಿನಲ್ಲಿ ಇಸ್ತ್ರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಬಟ್ಟೆಯ ಮೇಲೆ ಬಿಸಿ ಕಬ್ಬಿಣ ಆಡಿಸುವುದೇ ಇಸ್ತ್ರಿ ಎಂದುಕೊಂಡವರ ಲೆಕ್ಕ ಅದು. ಬಲ್ಲವರನ್ನು ಕೇಳಿದರೆ ಒಬ್ಬಳ ಹೆಸರು ಮಾತ್ರ ಹೇಳುತ್ತಾರೆ, ಪುರಿತಾ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಕೆನ್ನೆಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ಕಣ್ಣು ಮುಚ್ಚುತ್ತಾಳೆ. ಅಷ್ಟರಲ್ಲಿ ಅವಳಿಗೆ ಗೊತ್ತಾಗಿಬಿಡುತ್ತದೆ. ಮೊದಲನೆಯದು ಅನಾನಸ್ ಬಿಸಿ. ಅನಾನಸ್ ನಾರಿನಿಂದ ನೇಯ್ದ ಮದುವೆಯ ಅಂಗಿಗೆ ಅಷ್ಟೇ ಸಾಕು, ಒಂದು ಕೂದಲೆಳೆ ಹೆಚ್ಚಾದರೂ ಅಂಗಿ ಹಪ್ಪಳವಾಗುತ್ತದೆ. ಅದರ ಮೇಲಿನದು ಶಾಲೆ ಬಿಸಿ, ಮಕ್ಕಳ ಹತ್ತಿಯ ಸಮವಸ್ತ್ರಕ್ಕೆ. ಆಮೇಲೆ ಖಾಕಿ ಬಿಸಿ. ಕೊನೆಯದು ಜೀನ್ಸ್ ಬಿಸಿ. ಅದನ್ನು ದಾಟಿದರೆ ಬೆಂಕಿಯೇ. ಮೂವತ್ತೊಂದು ವರ್ಷಗಳಲ್ಲಿ ಅವಳ ಕೈಯಲ್ಲಿ ಒಂದೇ ಒಂದು ಬಟ್ಟೆ ಸುಟ್ಟಿದೆ. ಊರಿನ ಅರ್ಧದಷ್ಟು ಗಂಡಂದಿರು ಅವಳು ಇಸ್ತ್ರಿ ಮಾಡಿದ ಅಂಗಿ ತೊಟ್ಟೇ ಮದುವೆಯಾದವರು. ಅಂಗಿಯ ಸುಕ್ಕಿಗೆ ಮಾತ್ರ ತಾನು ಹೊಣೆ, ಸಂಸಾರದ ಸುಕ್ಕಿಗಲ್ಲ ಎಂದು ಅವಳು ಮೊದಲೇ ಹೇಳಿ ಕಳಿಸುತ್ತಿದ್ದಳು.

ಇಸ್ತ್ರಿಪೆಟ್ಟಿಗೆ ಹಿಡಿದಾಗ ಕಲ್ಲಿನಂತೆ ನಿಲ್ಲುವ ಅವಳ ಕೈಗಳು, ಬಿಟ್ಟ ಕೂಡಲೇ ಸಣ್ಣಗೆ ನಡುಗುತ್ತಿದ್ದವು. ಅಂಗೈ ಬೆವರುತ್ತಿತ್ತು. ಅದಕ್ಕೆ ಆ ಕಡೆಯ ಜನ ಪಾಸ್ಮಾ ಎನ್ನುತ್ತಾರೆ. ದುಡಿದು ಬಿಸಿಯಾದ ಮೈಗೆ ಥಟ್ಟನೆ ತಣ್ಣೀರೋ ತಣ್ಣನೆಯ ಗಾಳಿಯೋ ತಗುಲಿದರೆ ನರಕ್ಕೆ ಹಿಡಿಯುವ ದೋಷವಂತೆ ಅದು. ಒಮ್ಮೆ ಹಿಡಿದರೆ ಬಿಡುವುದಿಲ್ಲವಂತೆ. ಹಾಗಾಗಿ ಇಸ್ತ್ರಿ ಮುಗಿಸಿದ ಪುರಿತಾ ಗಂಟೆಗಟ್ಟಲೆ ನೀರು ಮುಟ್ಟುತ್ತಿರಲಿಲ್ಲ. ಪಾತ್ರೆಗಳು ಮಗಳು ಲೋವೆಲಿನ್‌ಗಾಗಿ ಕಾಯುತ್ತಿದ್ದವು.

"ಪಾತ್ರೆ ತೊಳೆಯೋದು ತಪ್ಪಿಸ್ಕೊಳ್ಳೋಕೆ ಇಡೀ ದೇಶ ಸೇರಿ ಕಂಡುಹಿಡಿದಿರೋ ಕಾಯಿಲೆ ನನಾಯ್ ಇದು," ಎಂದು ಲೋವೆಲಿನ್ ಅಮ್ಮನನ್ನು ಛೇಡಿಸುತ್ತಿದ್ದಳು. ಅಮ್ಮನಿಗೆ ಅಲ್ಲಿ ನನಾಯ್ ಎನ್ನುತ್ತಾರೆ, ಹುಡುಗಿಯರನ್ನು ದೈ ಎಂದು ಕರೆಯುತ್ತಾರೆ.

"ನಗು, ದೈ, ನಗು. ನಿನಗೂ ಹಿಡಿಯುತ್ತಲ್ಲ, ಆಗ ನಾನೂ ನಗ್ತೀನಿ."

ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇದ್ದವಳು ಇವಳೊಬ್ಬಳೇ ಮಗಳು, ಓದುತ್ತಿದ್ದದ್ದು ಕಟ್ಟಡ ವಿನ್ಯಾಸ, ಅದೂ ಕೊನೆಯ ವರ್ಷ. ಸಾಂತಾ ಪಾಸ್‌ಗೆ ಹೊಸ ಮಾರುಕಟ್ಟೆ ಕಟ್ಟುವುದಾದರೆ ಹೇಗಿರಬೇಕು ಎಂದು ಅವಳು ನಕ್ಷೆ ಮಾಡಿದ್ದಳು. ನೋಡುವವರಿಗೆ ತಾವೇ ಅದರೊಳಗೆ ನಡೆದಾಡಿದಂತೆ ಅನ್ನಿಸುವ ವಿಡಿಯೋ ಒಂದನ್ನು ಕಾಲೇಜಿಗೆ ಕಳಿಸಬೇಕಿತ್ತು. ಒಟ್ಟು ಒಂಬತ್ತು ದೃಶ್ಯ. ಶುಕ್ರವಾರ ಸಂಜೆ ಐದು ಗಂಟೆ ಕಡೆಯ ಗಡುವು, ತಪ್ಪಿದರೆ ಇಡೀ ವರ್ಷ ಮತ್ತೆ ಓದಬೇಕು. ಅದಕ್ಕೆಂದೇ ಪುರಿತಾ ತನ್ನ ಉಳಿತಾಯವನ್ನೆಲ್ಲ ಸುರಿದು ಮೂರು ತಿಂಗಳ ಹಿಂದೆ ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದಳು. ನೋಡಲು ತೆಳ್ಳಗೆ, ಬೆಳ್ಳಗೆ, ಪಿಂಗಾಣಿ ತಟ್ಟೆಯ ಹಾಗಿತ್ತು.

ಗೆರೆ ಎಳೆಯುವಷ್ಟು ಹೊತ್ತು ಅದು ಬಲು ಸಾಧು. ಆದರೆ ಆ ಗೆರೆಗಳಿಗೆ ಬಿಸಿಲು, ನೆರಳು, ಗೋಡೆಯ ಬಣ್ಣ ಎಲ್ಲ ತುಂಬಿ ವಿಡಿಯೋ ಮಾಡು ಎಂದರೆ ಸಾಕು, ಮೈಯೆಲ್ಲ ಕಾದು, ಒಳಗಿನಿಂದ ಒರಲಿ, ಕೊನೆಗೆ ಪರದೆ ಕಪ್ಪಾಗಿ ನಿಂತುಬಿಡುತ್ತಿತ್ತು. ಅಲ್ಲಿಯವರೆಗೆ ತಯಾರಾದ ದೃಶ್ಯವೂ ಅದರೊಂದಿಗೇ ಹೋಗುತ್ತಿತ್ತು.

ಹೀಗಾದಾಗಲೆಲ್ಲ ಪುರಿತಾ ನೀಲಿ ಟವೆಲ್ ಹಿಡಿದು ಓಡಿ ಬರುತ್ತಿದ್ದಳು. ಮೊದಲು ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸುವಳು. ಆಮೇಲೆ ಕಾದ ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಸುತ್ತಿ, ತನ್ನಷ್ಟಕ್ಕೆ ತಾನು ನಿಧಾನವಾಗಿ ಆರಲಿ ಎಂದು ಮಡಿಲಲ್ಲಿಟ್ಟುಕೊಳ್ಳುವಳು. ಕೆಲಸದ ಹೊತ್ತಿನಲ್ಲೂ ಮೇಜಿನ ತಣ್ಣಗೆ ತಾಗಬಾರದೆಂದು ಅದರಡಿ ಅದೇ ಟವೆಲ್ ಹಾಸುವಳು. ಲೋವೆಲಿನ್ ಮೊದಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ಓದಿದವಳು, ಅವಳಾದರೂ ಯೋಚಿಸಬೇಕಿತ್ತು. ಆದರೆ ಕಣ್ಣೆರಡೂ ಪರದೆಯಲ್ಲಿ ನೆಟ್ಟಿರುವಾಗ ಅಡಿಯಲ್ಲೇನಿದೆ ಎಂದು ಯಾರು ನೋಡುತ್ತಾರೆ? ದಿನ ಕಳೆದಂತೆ ಲ್ಯಾಪ್‌ಟಾಪ್ ಇನ್ನೂ ಬೇಗ ಬೇಗ ಕಾಯತೊಡಗಿತು.

ಗುರುವಾರ ಬೆಳಿಗ್ಗೆಯ ಹೊತ್ತಿಗೆ ಒಂದು ದೃಶ್ಯವೂ ಮುಗಿದಿರಲಿಲ್ಲ. ಕೊಂಡ ಅಂಗಡಿಗೆ ಫೋನ್ ಮಾಡಿದರೆ ಮೂರು ವಾರ ಬಿಟ್ಟುಹೋಗಿ ಎಂದರು. ತಾಯಿ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಮಾರುಕಟ್ಟೆಯಲ್ಲಿ ಫ್ಯಾನ್ ರಿಪೇರಿ ಮಾಡುವ ಕ್ರಿಸ್ಪುಲೋನ ಅಂಗಡಿಗೆ ಹೋದರು. ಗಾಳಿ ಬೀಸುವ ಯಂತ್ರ ಯಾವುದೇ ಇರಲಿ, ಆ ಊರಿನಲ್ಲಿ ಅದಕ್ಕೆ ವೈದ್ಯನೆಂದರೆ ಅವನೇ.

"ಮನಾಂಗ್, ಇದಿನ್ನೂ ಹೊಸದು," ಎಂದು ಕ್ರಿಸ್ಪುಲೋ ಅನುಮಾನಿಸಿದ. ಮನಾಂಗ್ ಎಂದರೆ ಅವರಲ್ಲಿ ಅಕ್ಕ. "ನಾನು ಬಿಚ್ಚಿದ್ರೆ ವಾರಂಟಿ ಹೋಗುತ್ತೆ."

"ಬಿಚ್ಚದಿದ್ರೆ ನಾಳೆ ಐದು ಗಂಟೆಗೆ ಮಗಳ ವರ್ಷಾನೇ ಹೋಗುತ್ತೆ. ಬಿಚ್ಚೋ ಪುಲೋ."

ಅವನು ಹಿಂಬದಿಯ ಮುಚ್ಚಳ ತೆಗೆದ. ಒಳಗೆ ಇಣುಕಿ ನೋಡಿ, ಚಿಮಟದಿಂದ ಏನನ್ನೋ ಹಿಡಿದು ಮೆಲ್ಲಗೆ ಎಳೆದ. ಬೆರಳುದ್ದದ ನೀಲಿ ಎಳೆಗಳ ಉಂಡೆಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು.

"ಇದೇನು ಮನಾಂಗ್, ಒಳಗೆ ನೀಲಿ ಬೆಕ್ಕು ಸಾಕಿದ್ದೀರಾ? ನೋಡಿ, ಇದರ ಹೊಟ್ಟೆಯೊಳಗೇ ಎರಡು ಪುಟ್ಟ ಫ್ಯಾನ್ ಇವೆ. ಅಡಿಯಲ್ಲಿರೋ ಈ ತೂತುಗಳಿಂದ ಗಾಳಿ ಎಳೆದು, ಬಿಸೀನ ಪಕ್ಕದಿಂದ ಹೊರಗೆ ಊದ್ತವೆ. ಬಾಯಿಗೆ ಬಟ್ಟೆ ತುರುಕಿದ್ರೆ ಉಸಿರಾಡೋದು ಹೆಂಗೆ?"

ಲೋವೆಲಿನ್ ಉಂಡೆಯನ್ನು ನೋಡಿದಳು, ಆಮೇಲೆ ಅಮ್ಮನನ್ನು. "ಟವೆಲ್," ಎಂದಳು.

"ಪಾಸ್ಮಾ ಆಗ್ಬಾರ್ದು ಅಂತ..." ಎಂದಳು ಪುರಿತಾ.

"ಅದಕ್ಕೆ ನರ ಇಲ್ಲ ನನಾಯ್! ರಕ್ತ ಇಲ್ಲ! ಮೊದಲನೇದಾಗಿ ಪಾಸ್ಮಾ ಅನ್ನೋದೇ ಶುದ್ಧ ಸುಳ್ಳು. ನಿನ್ನ ಸುಳ್ಳಿಂದ ನನ್ನ ಐದು ವರ್ಷ ಮಣ್ಣುಪಾಲಾಗ್ತಿದೆ!"

ಅಕ್ಕಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಪುರಿತಾಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೂವತ್ತೊಂದು ವರ್ಷ ಬಿಸಿಯನ್ನು ಆಳಿದವಳು ತನ್ನ ಮಗಳ ಒಂದು ಯಂತ್ರಕ್ಕೆ ಉಸಿರುಗಟ್ಟಿಸಿದ್ದಳು. ಅವಳು ನಡುಗುವ ಕೈಗಳನ್ನು ಸ್ಕರ್ಟಿನ ಮಡಿಕೆಯಲ್ಲಿ ಅಡಗಿಸಿದಳು.

ಅದನ್ನು ಕಂಡ ಕ್ರಿಸ್ಪುಲೋ ಚಿಮಟ ಕೆಳಗಿಟ್ಟ. "ಸುಳ್ಳೋ ನಿಜಾನೋ, ಆ ಕೈ ಯಾವತ್ತಿಂದ ನಡುಗುತ್ತೆ ಗೊತ್ತಾ ನಿನಗೆ?"

"ಪುಲೋ, ಬಾಯಿ ಮುಚ್ಚಿ ಸ್ಕ್ರೂ ಹಾಕು," ಎಂದಳು ಪುರಿತಾ.

"ಹಾಕ್ತೀನಿ, ಹೇಳಿ ಹಾಕ್ತೀನಿ. ಆಗ ನಿನಗೆ ನಾಲ್ಕು ವರ್ಷ, ದೈ. ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ನಿಮ್ಮಮ್ಮ ಖಾಕಿ ಇಸ್ತ್ರಿ ಮಾಡ್ತಿದ್ರು, ಪೆಟ್ಟಿಗೇನ ಬಟ್ಟೆ ಮೇಲೇ ಬಿಟ್ಟು ಓಡಿದ್ರು. ಬಾವಿ ನೀರಿಗೆ ಕೈ ಹಾಕ್ಬೇಡ, ಕೈ ಕಾದಿದೆ ಅಂತ ನೆರೆಹೊರೆಯವರೆಲ್ಲ ಕೂಗಿದ್ರು. ಕೇಳಿದ್ರಾ? ಮೊಣಕೈವರೆಗೂ ಅದ್ದಿ ನಿನಗೆ ಒದ್ದೆ ಬಟ್ಟೆ ಹಾಕಿದ್ರು. ಆಗ ನಾನು ಬಾಡಿಗೆಗೆ ಓಡಿಸ್ತಿದ್ದ ಟ್ರೈಸಿಕಲ್ ಗಾಡೀಲೇ ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು, ದಾರಿಯುದ್ದಕ್ಕೂ ಆ ಕೈ ಬಕೆಟ್ಟಲ್ಲೇ ಇತ್ತು. ಅವತ್ತಿಂದ ನಡುಕ."

ಡಾಕ್ಟರನ್ನು ಕೇಳಿದರೆ ಬೇರೆ ಕಾರಣ ಹೇಳಬಹುದು, ಹೇಳಲಿ. ಅವಳ ಕೈಯಲ್ಲಿ ಸುಟ್ಟ ಆ ಒಂದೇ ಒಂದು ಬಟ್ಟೆ ಅವತ್ತಿನದು, ಯಾರೋ ಪೊಲೀಸಿನವನ ಷರಾಯಿ. ಮನೆಗೆ ಬಂದ ಲೋವೆಲಿನ್ ಯಾರೂ ಹೇಳುವ ಮೊದಲೇ ಪಾತ್ರೆ ತೊಳೆಯಲು ಕೂತಳು.

ಮುಚ್ಚಳ ಹಾಕಿ ಕೊಡುವಾಗ ಕ್ರಿಸ್ಪುಲೋ ಒಂದು ಮಾತು ಹೇಳಿದ್ದ. ಈಗ ಉಸಿರಾಡುತ್ತದೆ, ಆದರೂ ಇಷ್ಟು ತೆಳ್ಳನೆಯ ಮೈಗೆ ಅಷ್ಟು ಭಾರದ ಕೆಲಸ ಕೊಟ್ಟರೆ ಕಾದೇ ಕಾಯುತ್ತದೆ, ನೋಡಿಕೊಂಡು ದುಡಿಸಿ ಎಂದು. ನೋಡಿಕೊಂಡು ದುಡಿಸುವುದು ಎಂದರೇನು ಎಂದು ಪುರಿತಾಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅವಳು ಇಸ್ತ್ರಿಯ ಮೇಜನ್ನು ಖಾಲಿ ಮಾಡಿದಳು. ಪಾದ್ರಿಯ ನಿಲುವಂಗಿ ಕಾಯಲಿ, ದೇವರಿಗೆ ಸುಕ್ಕು ಕಾಣುವುದಿಲ್ಲ ಎಂದಳು. ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಇಡುವ ಕಬ್ಬಿಣದ ಜಾಲರಿ ಸ್ಟ್ಯಾಂಡನ್ನು ಬೂದಿ ಒರೆಸಿ ತಂದು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಈಗ ಅದರಡಿ ನಾಲ್ಕು ಬೆರಳಷ್ಟು ಬಯಲು, ಗಾಳಿ ಸಲೀಸಾಗಿ ಹಾಯುವಂತಿತ್ತು. ಆಮೇಲೆ ಗೋಡೆ ನೋಡುತ್ತಿದ್ದ ಫ್ಯಾನಿನ ಹತ್ತಿರ ಹೋಗಿ ಒಂದು ಕ್ಷಣ ನಿಂತಳು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಅದರ ಮುಖವನ್ನು ಲ್ಯಾಪ್‌ಟಾಪಿನ ಕಡೆಗೆ ತಿರುಗಿಸಿದಳು.

ಕೆಲಸ ಶುರುವಾಯಿತು. ಪುರಿತಾ ಸ್ಟೂಲು ಎಳೆದುಕೊಂಡು, ಬಿಸಿಗಾಳಿ ಹೊರಬರುವ ಪಕ್ಕಕ್ಕೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದಳು.

"ಅನಾನಸ್," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಶಾಲೆ." ಮತ್ತೆ ಸ್ವಲ್ಪ ಹೊತ್ತಿಗೆ, "ಖಾಕಿ. ನಿಲ್ಲಿಸು ದೈ."

"ಬಿಸಿ ಎಷ್ಟು ಅಂತ ಇಲ್ಲೇ ಅಂಕಿ ಬರ್ತಿದೆ ನನಾಯ್. ಇನ್ನೂ ತಡೆಯುತ್ತೆ."

"ಅಂಕಿ ಹೇಳೋದು ಈಗಿಂದು. ನಾನು ಹೇಳೋದು ಇನ್ನು ಐದು ನಿಮಿಷದ್ದು."

ಲೋವೆಲಿನ್ ನಿಲ್ಲಿಸಲಿಲ್ಲ. ಐದು ನಿಮಿಷಕ್ಕೆ ಸರಿಯಾಗಿ ಪರದೆ ಕಪ್ಪಾಯಿತು, ಅರ್ಧ ಗಂಟೆಯ ಕೆಲಸ ಹೋಯಿತು. ಪುರಿತಾ ಬೇರೆ ತಾಯಂದಿರ ಹಾಗೆ "ನಾನು ಹೇಳಲಿಲ್ಲವೇ" ಎನ್ನಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವಳದು. ಮಗಳ ಮುಂದೆ ಕಾಫಿ, ಬ್ರೆಡ್ಡು ಇಟ್ಟು, "ಆರಲಿ, ಮತ್ತೆ ಹಚ್ಚು," ಎಂದಳು ಅಷ್ಟೇ.

ಅಲ್ಲಿಂದ ಮುಂದೆ ಲೋವೆಲಿನ್ ಅಂಕಿ ನೋಡಲಿಲ್ಲ, ಅಮ್ಮನ ಮುಖ ನೋಡಿದಳು. ಅಮ್ಮ ಖಾಕಿ ಎಂದ ಕೂಡಲೇ ತಡೆಹಿಡಿಯುವುದು, ಅನಾನಸ್‌ಗೆ ಇಳಿದ ಮೇಲೆ ಮುಂದುವರಿಸುವುದು. ಕಲ್ಲಿನ ಮೆಟ್ಟಿಲು ಮುಗಿಯಿತು, ಮೀನಿನ ಅಂಗಡಿಗಳ ಸಾಲು ಮುಗಿಯಿತು, ತರಕಾರಿಯವರ ಚಾವಣಿ ಮುಗಿಯಿತು. ಒಣಮೀನು, ಅನ್ನವನ್ನು ಇಬ್ಬರೂ ಕೂತಲ್ಲೇ ಉಂಡರು. ಮೂರೂಕಾಲಿಗೆ ಎಂಟು ದೃಶ್ಯ ಮುಗಿದು ಒಂಬತ್ತನೆಯದು ಶುರುವಾಯಿತು. ಇಬ್ಬರ ಮುಖದಲ್ಲೂ ನಗು ಮೂಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಫ್ಯಾನು ನಿಂತಿತು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಒಂದೂವರೆ ಗಂಟೆಯ ಜೀವವಿತ್ತು. ನಿಲ್ಲಿಸಿ ಆರಿಸುತ್ತ ಕೂತರೆ ಬ್ಯಾಟರಿ ತೀರುತ್ತದೆ, ನಿಲ್ಲಿಸದೆ ಓಡಿಸಿದರೆ ಯಂತ್ರ ಕಾದು ನಿಲ್ಲುತ್ತದೆ.

"ಆಯ್ತು ಬಿಡು ನನಾಯ್," ಎಂದಳು ಲೋವೆಲಿನ್. ಅವಳ ಕಣ್ಣು ತುಂಬಿತ್ತು.

"ಏನು ಆಯ್ತು? ನಿಲ್ಲಿಸ್ಬೇಡ, ಓಡಿಸು." ಪುರಿತಾ ಒಲೆಯ ಮೂಲೆಯಿಂದ ತಾಳೆಗರಿಯ ಬೀಸಣಿಗೆ ತಂದಳು. ಮೂವತ್ತೊಂದು ವರ್ಷ ಕೆಂಡ ಉರಿಸಲು ಬೀಸಿದ ಬೀಸಣಿಗೆ ಅದು. ಈಗ ಬಿಸಿ ಇಳಿಸಲು ಬೀಸತೊಡಗಿದಳು. ಬಿಸಿ ಶಾಲೆಗೆ ಬಂದರೆ ಮೆಲ್ಲಗೆ, ಖಾಕಿಗೆ ಬಂದರೆ ಜೋರಾಗಿ. ಬಲಗೈ ಸೋತರೆ ಎಡಗೈ. ಮಗಳು ಕೇಳಿದರೂ ಕೊಡಲಿಲ್ಲ, "ನಿನಗೆ ಗಾಳಿ ಹದ ಗೊತ್ತಿಲ್ಲ," ಎಂದಳು. ಒಂದು ಗಂಟೆ ಹತ್ತು ನಿಮಿಷ ಬೀಸಿದಳು. ಜೀನ್ಸ್ ಬಿಸಿಯ ಹೊಸ್ತಿಲಿಗೆ ಎರಡು ಸಲ ಹೋದ ಯಂತ್ರವನ್ನು ಎರಡು ಸಲವೂ ಗಾಳಿ ಬೀಸಿಯೇ ಹಿಂದಕ್ಕೆ ತಂದಳು. ಇದನ್ನು ದೊಡ್ಡಸ್ತಿಕೆ ಎನ್ನದೆ ಇನ್ನೇನೆನ್ನಬೇಕು?

ನಾಲ್ಕೂ ನಲವತ್ತಕ್ಕೆ, ಫೋನಿನ ನೆಟ್‌ನಲ್ಲಿ, ವಿಡಿಯೋ ಕಾಲೇಜಿಗೆ ಹೋಗಿ ಮುಟ್ಟಿತು. ಬ್ಯಾಟರಿಯಲ್ಲಿ ಇನ್ನು ನಾಲ್ಕು ನಿಮಿಷ ಉಳಿದಿತ್ತು. ಲೋವೆಲಿನ್ ಕೊನೆಯ ದೃಶ್ಯವನ್ನು ಅಮ್ಮನಿಗೆ ತೋರಿಸಿದಳು.

ಮಾರುಕಟ್ಟೆಯ ಹಿಂಭಾಗದಲ್ಲಿ ಒಂದು ಸಾಲು, ಎತ್ತರದ ಮೇಜುಗಳು. ಗೋಡೆಯ ಕೆಳಗೆ ಗಾಳಿ ಬರಲು ಕಿಂಡಿ, ಸೂರಿನಡಿ ಬಿಸಿ ಹೋಗಲು ಕಿಂಡಿ.

"ಇಸ್ತ್ರಿ ಸಾಲು," ಎಂದಳು ಲೋವೆಲಿನ್.

ಪುರಿತಾ ಕಣ್ಣು ಕಿರಿದು ಮಾಡಿ ನೋಡಿದಳು. "ಮೀನಿನವರ ಪಕ್ಕ ನಲ್ಲಿ ಇದೆ, ತರಕಾರಿಯವರ ಪಕ್ಕ ನಲ್ಲಿ ಇದೆ. ಇವರಿಗೆ ಮಾತ್ರ ನಲ್ಲಿ ಯಾಕೆ ಅಷ್ಟು ದೂರ?"

"ಕೈ ಆರೋಕೆ ಮುಂಚೆ ಯಾರೂ ನೀರು ಮುಟ್ಬಾರ್ದು ಅಂತ."

"ನಿನ್ನೆ ಬದಲಾಯಿಸಿದ್ಯಾ?"

"ಇಲ್ಲ ನನಾಯ್. ಮೊದಲಿಂದ್ಲೂ ಅಲ್ಲೇ ಇತ್ತು."

ಪರದೆ ಆರಿತು. ಪುರಿತಾ ಬೀಸಣಿಗೆ ಕೆಳಗಿಟ್ಟದ್ದೇ ತಡ, ಅವಳ ಎರಡೂ ಕೈ ಹಿಂದೆಂದೂ ಇಲ್ಲದಷ್ಟು ನಡುಗತೊಡಗಿದವು. ಲೋವೆಲಿನ್ ಎದ್ದು ಹೋಗಿ ನೀಲಿ ಟವೆಲ್ ತಂದಳು. ನೆಲದ ಮೇಲೆ ಕೂತು ಅಮ್ಮನ ಕೈಗಳನ್ನು ಒಂದರ ಮೇಲೊಂದಿಟ್ಟು, ಒಂದು ಬೆರಳೂ ಹೊರಗೆ ಕಾಣದ ಹಾಗೆ ಸುತ್ತಿದಳು.

"ಇದೆಲ್ಲ ಸುಳ್ಳು ಅಂದಿದ್ಯಲ್ಲ?" ಎಂದಳು ಪುರಿತಾ.

"ಸುಳ್ಳೇ. ಕೈ ಆಡಿಸ್ಬೇಡ, ಸುಮ್ನೆ ಕೂತ್ಕೋ."