ಚೌಕಕ್ಕೆ ಮರಳಿದ ಜೋಕಾಲಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ತಪ್ಪಿರಬಹುದು. ಹಗ್ಗ ಹರಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಮನೆ ಅಷ್ಟು ಹತ್ತಿರವಿದ್ದರೂ ತನಗೆ ಯಾವ ಸದ್ದೂ ಕೇಳಲಿಲ್ಲ ಎಂದು ಅವ್ವ ಅನ್ನುತ್ತಾಳೆ. ಆಗ ನಾನು ಎರಡನೆಯ ಇಯತ್ತೆಯಲ್ಲಿದ್ದೆನೋ ಮೂರನೆಯದರಲ್ಲೋ, ಅದೂ ಖಾತ್ರಿಯಿಲ್ಲ. ಅತ್ತೆ, ಅಂದರೆ ಅಪ್ಪನ ತಂಗಿ, ಜೋಕಾಲಿಯಿಂದ ಬಿದ್ದದ್ದು ಮಾತ್ರ ನಿಜ. ಅವಳ ಬಲಗಾಲು ಈಗಲೂ ಸ್ವಲ್ಪ ಎಳೆಯುತ್ತದೆ.

ಕೊಪ್ಪಳದ ಹಳೇ ಪೇಟೆಯಲ್ಲಿ ನಮ್ಮ ಓಣಿ ಮುಗಿಯುವಲ್ಲಿ ಒಂದು ಚೌಕವಿದೆ. ನಡುವೆ ಬೇವಿನ ಗಿಡ, ಸುತ್ತ ಕಲ್ಲಿನ ಕಟ್ಟೆ. ನಾಗರ ಪಂಚಮಿಗೆ ಆ ಗಿಡಕ್ಕೆ ಜೋಕಾಲಿ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಮೊದಲು ಒಂದು ಚೀಲ ಜೋಳವನ್ನು ಹಲಗೆಯ ಮೇಲಿಟ್ಟು ತೂಗಿ ನೋಡುವರು. ಹಗ್ಗ ತಡೆಯಿತೆಂದರೆ, ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಲ್ಲಿ ಹಿರಿಯಳಾದವಳು ಮೊದಲು ಏರಬೇಕು, ಉಳಿದವರು ಆಮೇಲೆ. ಆ ವರ್ಷ ಅತ್ತೆ ಮದುವೆಯಾಗಿ ಮುನಿರಾಬಾದಿನಿಂದ ಮೊದಲ ಪಂಚಮಿಗೆ ಬಂದಿದ್ದಳು. ಮರುದಿನ ಅವಳನ್ನು ಕರೆದೊಯ್ಯಲು ಮಾವ, ಅಂದರೆ ಅವಳ ಗಂಡ, ಬರುವವರಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಚೌಕದಲ್ಲಿ ನಾವಿಬ್ಬರೇ ಇದ್ದೆವು ಎಂದು ನನ್ನ ನೆನಪು. ಹಗ್ಗ ಹರಿದು ಬಿದ್ದಳು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು, ನಾನೂ ಹಾಗೇ ಹೇಳುತ್ತ ಬೆಳೆದೆ. ಮುರಿದ ಕಾಲು ಕೂಡುವವರೆಗೆ, ಯುಗಾದಿಯ ತನಕ, ಅವಳು ನಮ್ಮಲ್ಲೇ ಉಳಿದಳು.

ಆಮೇಲೆ ಅಲ್ಲಿ ಜೋಕಾಲಿ ಕಟ್ಟಲಿಲ್ಲ. ಚೌಕ ಬರಿದಾದದ್ದು ಅದರಿಂದಲೇ ಎಂದು ಬಹಳ ಕಾಲ ನಂಬಿದ್ದೆ. ಆದರೆ ಅದೇ ಸುಮಾರಿಗೆ ಕಾಯಿಪಲ್ಲೆ ಮಾರುವವರು ಬೇರೆ ಕಡೆ ಹೋದರು, ಅಂಗಡಿಗಳು ಒಂದೊಂದಾಗಿ ದೊಡ್ಡ ರಸ್ತೆಗೆ ಸರಿದವು. ಉಳಿದದ್ದು ಮುರಿದ ಬಂಡಿ, ತಗಡು, ಒಡೆದ ಬಾಟಲಿ. ಧಾರವಾಡದಲ್ಲಿ ಓದುವಾಗ ರಜೆಗೆ ಬಂದರೆ, ಸಂಜೆ ಆ ಚೌಕವನ್ನು ಉಸಿರು ಬಿಗಿಹಿಡಿದು ದಾಟುತ್ತಿದ್ದೆ. ಮುಚ್ಚಿದ ಕದಗಳ ಹಿಂದೆ ಯಾರೋ ನಿಂತಂತೆ ಅನಿಸುತ್ತಿತ್ತು. ಯಾರೂ ಇರಲಿಲ್ಲ. ಕೂಗಿದರೆ ಕೇಳಿಸಿಕೊಳ್ಳಲೂ ಯಾರೂ ಇರಲಿಲ್ಲ.

ಈಚೆಗೆ ಓಣಿಯವರು ನಗರಸಭೆಗೆ ಅಲೆದಾಡಿ ಚೌಕದ ಕಸವನ್ನೆಲ್ಲ ತೆಗೆಸಿದರು. ನೆಲಕ್ಕೆ ಹಾಸುಗಲ್ಲು, ಕೂರಲು ಬೆಂಚು, ಕಂಬಕ್ಕೆ ದೀಪ ಬಂದವು. ಮೊದಮೊದಲು ಯಾರೂ ಕೂರಲಿಲ್ಲ. ಒಂದು ಸಂಜೆ ಪಕ್ಕದ ಮನೆಯ ಮುದುಕಿ, ಒಳಗೆ ಸೆಕೆ ಎಂದು, ಶೇಂಗಾ ಸುಲಿಯಲು ಮೊರ ಹಿಡಿದು ಬಂದು ಕೂತಳು. ಅವಳ ಜೊತೆ ಮಾತಿಗೆ ಇನ್ನಿಬ್ಬರು ಬಂದರು. ಹೆಂಗಸರು ಕೂತದ್ದು ನೋಡಿ ಮಿರ್ಚಿ ಭಜಿಯ ಗಾಡಿ ಬಂತು. ಮಂದಿ ನೆರೆಯತೊಡಗಿದ ಮೇಲೆ ದರ್ಜಿ ತನ್ನ ಹಳೇ ಅಂಗಡಿಯ ಕದ ತೆರೆದ. ನಾನೂ ಅಲ್ಲಿ ಹೋಗಿ ಕೂರುತ್ತಿದ್ದೆ, ಆದರೆ ಜೋಕಾಲಿ ಕಟ್ಟುತ್ತಿದ್ದ ಆ ದೊಡ್ಡ ಕೊಂಬೆಯ ಕೆಳಗಲ್ಲ.

ಈ ವರ್ಷ ಪಂಚಮಿಗೆ ಮತ್ತೆ ಜೋಕಾಲಿ ಕಟ್ಟಿದರು. ಅತ್ತೆಯೂ ಬಂದಳು. ಹಿಂದಿನವರೆಲ್ಲ ತೀರಿಹೋಗಿ, ತವರಿಗೆ ಬರುವವರಲ್ಲಿ ಈಗ ಅವಳೇ ಹಿರಿಯಳು. ಮೊದಲು ಏರಬೇಕಾದವಳು ಅವಳು ಎಂಬುದು ನನಗೆ ಹೊಳೆದದ್ದು ಹಲಗೆಯಿಂದ ಜೋಳದ ಚೀಲ ಇಳಿಸುವಾಗ.

"ಅತ್ತಿ, ನೀ ಬ್ಯಾಡ. ನಿನ್ನ ಕಾಲು ಮೊದಲ ಸರಿಯಿಲ್ಲ," ಎಂದೆ.

"ಜೋಕಾಲ್ಯಾಗ ಕಾಲೀಲೆ ಕುಂದರತಾರೇನ?" ಎಂದಳು. ಸುತ್ತಲಿನವರು ನಕ್ಕರು.

ಅತ್ತೆ ಹಲಗೆಯ ಮೇಲೆ ಕೂತಳು, ಮುದುಕಿಯ ಸೊಸೆ ಅವಳ ಹಿಂದೆ ನಿಂತು ಜೀಕಿದಳು. ಮೊದಲು ಮೆಲ್ಲಗೆ. ಇನ್ನಷ್ಟು ಜೀಕು ಎಂದಳು ಅತ್ತೆ, ಆಮೇಲೆ ಇನ್ನೂ ಅಷ್ಟು. ಎಲ್ಲರೂ ಕೊಂಬೆಯನ್ನೂ ಹಗ್ಗವನ್ನೂ ನೋಡುತ್ತಿದ್ದರು. ನಾನು ಅವಳ ಕೈ ನೋಡುತ್ತಿದ್ದೆ, ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಜೋಕಾಲಿ ತೀರ ಮೇಲೆ ಹೋದಾಗ ಅವಳ ಎಡಗೈ ಹಗ್ಗ ಬಿಟ್ಟಿತು.

ನಾನು ಕೂಗಿಕೊಂಡೆ. ಏನೆಂದು ಕೂಗಿದೆನೋ ಗೊತ್ತಿಲ್ಲ. ನಾಲ್ಕೈದು ಹೆಂಗಸರು ಒಮ್ಮೆಲೇ ಹಗ್ಗಕ್ಕೆ ಕೈ ಹಾಕಿದರು, ಭಜಿಯವನು ಎಣ್ಣೆಯ ಮುಂದಿನಿಂದ ಓಡಿಬಂದ, ದರ್ಜಿ ಮಿಷಿನ್ ಬಿಟ್ಟು ಎದ್ದ. ಅಷ್ಟು ಕೈಗಳ ನಡುವೆ ಜೋಕಾಲಿ ನಿಂತಿತು. ಸೆರಗು ಜಾರಿತ್ತು, ಸರಿ ಮಾಡಿಕೊಂಡೆ ಅಷ್ಟೆ ಎಂದಳು ಅತ್ತೆ. "ನಿಮ್ಮಣ್ಣನ ಮಗಳು ಊರ ಎಬ್ಬಿಸಿದ್ಲು ನೋಡಬೇ," ಎಂದು ಮುದುಕಿ ನಗೆಯಾಡಿದಳು.

ಆ ನಗೆಯ ನಡುವೆಯೇ ನನಗೊಂದು ನೆನಪು ಬಂತು. ಅತ್ತೆ ಬಿದ್ದ ವಾರವೇ ಅಜ್ಜ ಆ ಜೋಕಾಲಿಯ ಹಗ್ಗದಿಂದ ಹಿತ್ತಲ ಬಾವಿಯ ನೀರು ಸೇದುತ್ತಿದ್ದ. ಪುಂಡಿನಾರಿನ ದಪ್ಪ ಹಗ್ಗ, ಹರಿದು ಕೂಡಿಸಿದ ಗಂಟು ನಡುವೆ ಎಲ್ಲೂ ಇಲ್ಲ, ಕೊಡ ತಳ ಮುಟ್ಟುವಷ್ಟು ಉದ್ದ. ಅದು ಬೇರೆ ಹಗ್ಗವೂ ಇದ್ದಿರಬಹುದು. ಅಥವಾ ಹೆದರಿಕೆಯೇ ಈ ನೆನಪನ್ನು ಹೆಣೆದುಕೊಟ್ಟಿರಬಹುದು. ಆದರೆ ಒಂದು ಚೀಲ ಜೋಳ ತಡೆದ ಹಗ್ಗ, ಆಗಿನ ಆ ಸಣಕಲು ಹುಡುಗಿಯ ಭಾರಕ್ಕೆ ಹರಿಯಿತು ಎಂಬುದನ್ನು ನಾವೆಲ್ಲ ಅಷ್ಟು ಸುಲಭವಾಗಿ ಹೇಗೆ ನಂಬಿದೆವು? ಮಾವನ ಬಗ್ಗೆ ಅವಳು ಇಷ್ಟು ವರ್ಷದಲ್ಲಿ ಒಂದು ಮಾತು ಆಡಿದವಳಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ದೀಪ ಹತ್ತಿದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತೆವು. ಚೌಕದ ತುಂಬ ಮಂದಿ. ನಮ್ಮ ಮಾತು ನಮಗೇ ಕೇಳದಷ್ಟು ಗದ್ದಲ. ಅದೇ ಧೈರ್ಯದಲ್ಲಿ ಕೇಳಿಬಿಟ್ಟೆ. ಅತ್ತೆ ಮಿರ್ಚಿ ಮುರಿದು ಅರ್ಧ ನನ್ನ ಕೈಗಿಟ್ಟು, ಜೋಕಾಲಿಯಲ್ಲಿದ್ದ ಹುಡುಗಿಯರನ್ನು ನೋಡುತ್ತ ಕೂತಳು.

ಮರುದಿನ ಮಾವ ಬಂದು ಕರೆದುಕೊಂಡು ಹೋದರು. ಈಗ ಫೋನಿನಲ್ಲಿ ಮಳೆಯ ಮಾತಾಡುತ್ತಾಳೆ, ಚೌಕಕ್ಕೆ ಯಾರು ಬಂದಿದ್ದರು ಎಂದು ವಿಚಾರಿಸುತ್ತಾಳೆ. ಅವಳ ಹೆಸರು ಫೋನಿನಲ್ಲಿ ಮೂಡಿದಾಗಲೆಲ್ಲ ಇವತ್ತು ಹೇಳಿಬಿಡುತ್ತಾಳೇನೋ ಎಂದುಕೊಂಡೇ ಎತ್ತುತ್ತೇನೆ. ಆವತ್ತು ಬೆಂಚಿನ ಮೇಲೆ ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವತ್ತು ಹಗ್ಗ ಹರೀತೋ, ನೀನ ಕೈ ಬಿಟ್ಟಿಯೋ?"