ಹಾಳೆ ಪಾದದ ವಿಮಾನ ಮತ್ತು ಪುತ್ತಿಗೆಯ ಗದ್ದೆ

ಬೆಳಿಗ್ಗೆ ಏಳೂವರೆಗೆ ಪೆರ್ಲದಲ್ಲಿ ಬಸ್ ಹತ್ತಿದೆವು: ನಾನು, ಗಂಡ ಜಯರಾಮ, ಮತ್ತು ಅವರ ಕೈಯಲ್ಲಿ ರಿಮೋಟಿನಿಂದ ಹಾರಿಸುವ ಒಂದು ವಿಮಾನ. ದುಬೈಯಿಂದ ಒಂದು ತಿಂಗಳ ರಜೆಗೆ ಬಂದವರು ಇಪ್ಪತ್ತು ದಿನ ಅದನ್ನೇ ಅಂಟಿಸುತ್ತ ಕೂತರು. ಮರುದಿನ ಹೊರಡುವವರು. ಕೊನೆಯ ದಿನವಾದರೂ ಇಬ್ಬರೇ ಎಲ್ಲಿಗಾದರೂ ಹೋಗೋಣವೆಂದು ನಾನು ಶಾಲೆಗೆ ರಜೆ ಹಾಕಿದ್ದೆ. ಹೋದದ್ದು ಪುತ್ತಿಗೆಯ ಗದ್ದೆಗೆ.

ಯಾರೋ ಹಿಮದ ಮೇಲೆ ಚಕ್ರದ ಬದಲು ದೋಣಿಯಂಥ ಪಾದಗಳಿರುವ ವಿಮಾನ ಇಳಿಸುವ ವಿಡಿಯೋ ನೋಡಿದಂದಿನಿಂದ ಇವರಿಗೆ ಈ ಹುಚ್ಚು. ಆ ಪಾದ ಹಿಮದಲ್ಲಿ ಜಾರುತ್ತದೆ, ನೀರಿನಲ್ಲಿ ತೇಲುತ್ತದೆ. ನಮ್ಮಲ್ಲಿ ಹಿಮ ಎಲ್ಲಿಂದ ತರುವುದು? ಮಳೆಗಾಲದ ಗದ್ದೆಯಲ್ಲಿ ನೀರುಂಟಲ್ಲ ಎಂದರು. ಪಾದಗಳನ್ನು ಅಡಕೆ ಮರದಿಂದ ಉದುರುವ ಹಾಳೆಯಲ್ಲಿ ಮಾಡಿದರು. ಹಗುರವಂತೆ.

ಬದಿಯಡ್ಕದಲ್ಲಿ ಚಹಾ, ಗೋಳಿಬಜೆ ಮುಗಿಸಿ ಬಸ್ ಬದಲಿಸುವಾಗ ರೆಕ್ಕೆ ಬಾಗಿಲಿಗೆ ಸಿಕ್ಕಿಕೊಂಡಿತು. "ಎಂತ ಮಾರಾಯ್ರೆ, ಹಾರ್ಲಿಕ್ಕೆ ಬರುದಾದ್ರೆ ಇದಕ್ಕೆ ಬಸ್ ಯಾಕೆ?" ಎಂದ ಕಂಡಕ್ಟರ್. ಬಸ್ಸಿಡೀ ನಕ್ಕಿತು. ವಿಮಾನಕ್ಕೆ ಕಿಟಕಿಯ ಸೀಟು ಸಿಕ್ಕಿತು, ನಾನು ಕಂಬ ಹಿಡಿದು ನಿಂತೆ.

ಗದ್ದೆಯಲ್ಲಿ ಮೊಣಕಾಲಿನವರೆಗೆ ಕೆಸರು ನೀರು, ಮೇಲಿನಿಂದ ಜಿನುಗು ಮಳೆ. ವಿಮಾನ ತೇಲಿತು. ಇವರು ರಿಮೋಟಿನ ಒಂದೊಂದೇ ಗುಂಡಿ ಒತ್ತಿ ನೋಡುವಷ್ಟರಲ್ಲಿ ಹಾಳೆ ಮೆತ್ತಗಾಗಿ ಮೂಗು ನೀರಿಗಿಳಿಯತೊಡಗಿತು. ಚೂಡಿದಾರ ಎತ್ತಿಕಟ್ಟಿ ಓಡಿ ಅದನ್ನು ಹಿಡಿದವಳು ನಾನು.

"ಹಾಳೆ ನೀರಿಗೆ ಹಾಕಿದ್ರೆ ಮತ್ತೆಂತ ಆಗ್ತದೆ?" ಗದ್ದೆಯ ಯಜಮಾನಿ ಲಕ್ಷ್ಮಿಯಕ್ಕ ಬದುವಿನಿಂದ ಕೂಗಿದರು. "ಮುಟ್ಟಾಳೆ ಹೊಲಿಯುವ ಮೊದಲು ನೆನೆ ಹಾಕುದು ಯಾಕೆ, ಮೆತ್ತಗಾಗ್ಲಿಕ್ಕೇ ಅಲ್ವಾ?"

ಆ ಹಾಳೆ ಟೊಪ್ಪಿಯನ್ನು ತಲೆಗಿಟ್ಟೇ ಬೆಳೆದವರು ನನ್ನ ಗಂಡ! ನನಗೆ ಸಿಟ್ಟು ನೆತ್ತಿಗೇರಿತು. "ಸಣ್ಣದಿರುವಾಗ ಹಾಳೆಯಲ್ಲಿ ಕೂತು ಜಾರಿದ್ದು ನೀರಿನಲ್ಲಾ, ಹುಲ್ಲಿನ ಮೇಲಾ?" ಎಂದೆ. ಇವರು ಹಣೆ ಚಚ್ಚಿಕೊಂಡು ಚೀಲ ಬಿಚ್ಚಿದರು. ಅದರಲ್ಲಿ ಇನ್ನೊಂದು ಜೊತೆ ಒಣ ಪಾದಗಳಿದ್ದವು, ಅವನ್ನು ಜೋಡಿಸಿದರು.

ಗದ್ದೆಯ ಮೇಲಿನ ಪದವಿನ ಬಯಲಿನಲ್ಲಿ ಒದ್ದೆ ಹುಲ್ಲಿನ ಮೇಲೆ ವಿಮಾನ ಹತ್ತು ಮಾರು ಜಾರಿ ಎದ್ದೇಬಿಟ್ಟಿತು. ಎರಡು ಸುತ್ತಾದ ಮೇಲೆ ಇವರು ರಿಮೋಟನ್ನು ನನ್ನ ಕೈಗಿಟ್ಟು, ನನ್ನ ಬೆರಳ ಮೇಲೆ ಬೆರಳಿಟ್ಟು ಇಳಿಸಿದರು. ಅದು ಜಾರುತ್ತ ಬಂದು ನನ್ನ ಕಾಲಬುಡದಲ್ಲಿ ನಿಂತಿತು. ಇವರನ್ನು ಒಯ್ಯುವ ವಿಮಾನಕ್ಕೆ ಆರು ಸಲ ಕೈಬೀಸಿದ್ದೇನೆ. ಹೋದ ಹಾಗೆಯೇ ತಿರುಗಿ ಬಂದದ್ದು ಇದೊಂದೇ. ಕಣ್ಣು ತುಂಬಿತು, ಮಳೆ ಎಂದೆ.

ವಾಪಸು ಬರುವಾಗ ಬದಿಯಡ್ಕದಲ್ಲಿ ಹತ್ತಿದ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ನಾನು ಕೂತೆ.

"ಇದನ್ನು ನಿನ್ನ ಹತ್ರ ಬಿಟ್ಟು ಹೋಗ್ಲಾ?" ಎಂದರು ಇವರು.

"ಬಿಟ್ಟು ಹೋಗುದು ನಿಮಗೆ ಅಭ್ಯಾಸ ಉಂಟಲ್ಲ" ಎಂದೆ.

ಪೆರ್ಲ ಬರುವವರೆಗೆ ಇವರು ಕಂಬ ಹಿಡಿದು ನಿಂತೇ ಇದ್ದರು.